ಚಿರೋಟಿ ರವೆಯ ಗೆರೆಗಳು

ಗಿರಿಜಾ, ಅಂದು ನಿನ್ನ ಪ್ರಯೋಗ ಸೋತದ್ದಲ್ಲ. ನಾನು ಸೋಲಿಸಿದ್ದು. ಬೇಕೆಂದೇ, ಗೊತ್ತಿದ್ದೇ, ಒಂದು ಒದ್ದೆ ಬಟ್ಟೆಯಿಂದ. ಹೇಳಲು ನನಗೆ ಎಷ್ಟು ಅವಕಾಶವಿತ್ತು — ಪ್ರತಿ ಗೌರಿಹಬ್ಬಕ್ಕೆ ಬಾಗಿನ ಹಿಡಿದು ಹನುಮಂತನಗರದ ನಿನ್ನ ಮನೆಗೆ ಬರುತ್ತಿದ್ದೆ, ನಿನ್ನ ಕೈಯ ಕಾಫಿ ಕುಡಿಯುತ್ತಿದ್ದೆ, ಎದ್ದು ಹೋಗುತ್ತಿದ್ದೆ. ಈಗ ನೀನಿಲ್ಲ. ಆದರೂ ಮೊದಲಿಂದ ಹೇಳುತ್ತೇನೆ.

ತೊಂಬತ್ತರ ದಶಕದ ಶುರು. ಜಯನಗರದ ಕಾಲೇಜಿನಲ್ಲಿ ಎರಡನೇ ಪಿಯುಸಿ, ನಮ್ಮಿಬ್ಬರದು ಒಂದೇ ಬೆಂಚು. ಫಿಸಿಕ್ಸ್ ಮೇಷ್ಟ್ರು ವಿದ್ಯುತ್ ಕ್ಷೇತ್ರದ ಪಾಠ ಮಾಡುತ್ತಿದ್ದರು. ಬೋರ್ಡಿನ ಮೇಲೆ ಒಂದು ಪ್ಲಸ್, ಒಂದು ಮೈನಸ್, ನಡುವೆ ಬಿಲ್ಲಿನಂತೆ ಬಾಗಿದ ಗೆರೆಗಳು. ನಾನು ಚಿತ್ರವನ್ನು ಇಳಿಸಿಕೊಂಡು ಬಾಯಿಪಾಠ ಮಾಡಿಕೊಂಡೆ. ನೀನು ಕೈ ಎತ್ತಿದೆ.

"ಸಾರ್, ಈ ಗೆರೆಗಳು ನಿಜವಾಗ್ಲೂ ಅಲ್ಲಿ ಇರ್ತವಾ? ಇಲ್ಲ, ನಾವು ಬರೆದಿದ್ದಕ್ಕೆ ಇದಾವಾ?"

ಮೇಷ್ಟ್ರಿಗೆ ಖುಷಿಯಾಯಿತೋ ರೇಗಿತೋ, ಮರುದಿನ ಲ್ಯಾಬಿನಲ್ಲಿ ತೋರಿಸಲು ಹೊರಟರು. ಗಾಜಿನ ತಟ್ಟೆಯಲ್ಲಿ ಹರಳೆಣ್ಣೆ, ಎಣ್ಣೆಯ ಮೇಲೆ ಉದುರಿಸಿದ ರವೆ, ಅದರಲ್ಲಿ ಮುಳುಗಿದ ಎರಡು ತಂತಿಯ ತುದಿ. ತಂತಿಗಳನ್ನು ಎತ್ತಿ ಹಿಡಿಯಲು ಎರಡು ಗಾಜಿನ ಕಡ್ಡಿ. ಪಕ್ಕದಲ್ಲಿ, ಹಿಡಿ ತಿರುಗಿಸಿದರೆ ಚಾರ್ಜ್ ಹುಟ್ಟಿಸುವ ಹಳೆಯ ಯಂತ್ರ. ತಿರುಗಿಸಿದಾಗ ರವೆ ಬೋರ್ಡಿನ ಗೆರೆಗಳಂತೆಯೇ ಸಾಲುಗಟ್ಟಬೇಕು. ಕಟ್ಟಲಿಲ್ಲ. ತಳಕ್ಕೆ ಹೋಗಿ ಕೂತಿತು.

"ಸಾರ್, ಇದು ಉಪ್ಪಿಟ್ಟಿನ ರವೆ, ದಪ್ಪ," ಅಂತ ನೀನು ಹೇಳಿದೆ. "ಚಿರೋಟಿ ರವೆ ಹಾಕ್ಬೇಕು."

"ಆಮೇಲೆ ಪಾಯಸಾನೂ ಮಾಡ್ತೀಯೇನಮ್ಮ?"

"ಮಾಡ್ತೀನಿ ಸಾರ್, ಹರಳೆಣ್ಣೆ ಪಾಯಸ. ಮೊದಲನೇ ಲೋಟ ನಿಮ್ಗೇ."

ಇಡೀ ಲ್ಯಾಬು ನಕ್ಕಿತು, ಮೇಷ್ಟ್ರೂ ನಕ್ಕರು. "ಸರಿ, ಸೋಮವಾರ ನೀನೇ ಮಾಡಿ ತೋರ್ಸು. ಸರಿಯಾಗಿ ಬಂದ್ರೆ ಈ ಸಲ ಸೈನ್ಸ್ ಎಕ್ಸಿಬಿಷನ್‌ಗೆ ನಿನ್ನನ್ನೇ ಕಳಿಸ್ತೀನಿ."

ಆ ಜಾಗ ನನ್ನದಾಗಿತ್ತು. ಪ್ರತಿ ಪರೀಕ್ಷೆಯಲ್ಲೂ ಕ್ಲಾಸಿಗೆ ಮೊದಲು ಬರುವವಳು ನಾನು. ಆದರೆ ಅವತ್ತು ನನಗೆ ತಿಳಿಯಿತು — ನನಗೆ ಉತ್ತರಗಳು ಗೊತ್ತಿದ್ದವು, ನಿನಗೆ ಫಿಸಿಕ್ಸ್ ಗೊತ್ತಿತ್ತು. ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

ಸೋಮವಾರ ನೀನು ಮನೆಯಿಂದ ಚಿರೋಟಿ ರವೆ ತಂದಿದ್ದೆ. ತಂತಿ ಜೋಡಿಸುತ್ತಿದ್ದೆ. ನಾನು ಬೋರ್ಡ್ ಒರೆಸುವ ಬಟ್ಟೆಯನ್ನು ನಲ್ಲಿಯಲ್ಲಿ ನೆನೆಸಿ ಹಿಂಡಿಕೊಂಡು ಬಂದೆ. ಗಾಜಿನ ಕಡ್ಡಿಗೆ ಒದ್ದೆ ಕೈ ತಾಗಿದರೂ ಚಾರ್ಜೆಲ್ಲ ಸೋರಿಹೋಗುತ್ತದೆ ಎಂದು ಮೇಷ್ಟ್ರು ಹಿಂದಿನ ವಾರವಷ್ಟೇ ಹೇಳಿದ್ದರು.

"ಕಡ್ಡಿ ತುಂಬಾ ಧೂಳಾಗಿದೆ ಕಣೆ, ಒರೆಸ್ತೀನಿ ಇರು."

"ಅಯ್ಯೋ, ಥ್ಯಾಂಕ್ಸ್ ಕಣೆ," ಅಂದೆ ನೀನು. ಹೌದು, ನೀನು ನನಗೆ ಥ್ಯಾಂಕ್ಸ್ ಹೇಳಿದ್ದೆ.

ಎರಡೂ ಕಡ್ಡಿಗಳನ್ನು ಮೇಲಿಂದ ಕೆಳಗೆ ನಿಧಾನವಾಗಿ ಒರೆಸಿದೆ. ಕಣ್ಣಿಗೆ ಕಾಣದಷ್ಟು ತೆಳುವಾದ ತೇವ. ಎಲ್ಲರೂ ಸುತ್ತ ನಿಂತರು. ನೀನು ಹಿಡಿ ತಿರುಗಿಸಿದೆ, ಜೋರಾಗಿ ತಿರುಗಿಸಿದೆ, ಕೈ ಬದಲಿಸಿ ತಿರುಗಿಸಿದೆ. ರವೆ ಎಲ್ಲಿತ್ತೋ ಅಲ್ಲೇ. ಯಾರೋ ಹಿಂದಿನಿಂದ "ಪಾಯಸ ರೆಡೀನಾ?" ಎಂದರು.

"ಅಡುಗೆಮನೆ ವಿದ್ಯೆ ಬೇರೆ, ಫಿಸಿಕ್ಸ್ ಬೇರೆ ಕಣಮ್ಮ," ಎಂದು ಮೇಷ್ಟ್ರು ಬೆನ್ನು ತಿರುಗಿಸಿದರು.

ಸಂಜೆ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ನೀನು ಹೇಳಿದ ಮಾತು — "ನಂಗೆ ಫಿಸಿಕ್ಸ್ ಒಗ್ಗಲ್ಲ ಬಿಡೆ. ಸುಮ್ನೆ ಏನೋ ಬರತ್ತೆ ಅಂದ್ಕೊಂಡಿದ್ದೆ." ನಿಜ ಹೇಳಲು ನನಗೆ ಒಂದು ವಾಕ್ಯ ಸಾಕಿತ್ತು. ನಾನು, "ಹೋಗ್ಲಿ ಬಿಡು" ಎಂದೆ.

ಎಕ್ಸಿಬಿಷನ್‌ಗೆ ನಾನು ಹೋದೆ. ಬಿ.ಎಸ್ಸಿ ಓದಿದೆ, ಉತ್ತರಹಳ್ಳಿಯ ಶಾಲೆಯಲ್ಲಿ ವಿಜ್ಞಾನದ ಟೀಚರ್ ಆದೆ. ನೀನು ಬಿ.ಕಾಂ. ಸೇರಿದೆ, ಬೇಗ ಮದುವೆಯಾಯಿತು, ಮಗಳು ಚೈತ್ರ ಹುಟ್ಟಿದಳು. ನೀನು ಸುಖವಾಗಿಯೇ ಇದ್ದೆ ಎಂದು ಬರೆಯಹೊರಟು — ಇಲ್ಲ, ಅದು ನಾನು ಹೇಳಬೇಕಾದ ಮಾತಲ್ಲ.

ನಿನ್ನ ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಹೋದ ಮೇಲೆ ಚೈತ್ರ ನನ್ನ ಪಕ್ಕ ಬಂದು ಕೂತಳು. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಶಾಲೆಗೇ ಮೊದಲು ಬಂದ ಹುಡುಗಿ.

"ಆಂಟಿ, ಕಾಮರ್ಸ್ ತಗೋತೀನಿ. ಫಿಸಿಕ್ಸ್ ಇಷ್ಟಾನೇ, ಆದ್ರೆ ಭಯ. ಅಮ್ಮಂಗೂ ಬರ್ತಿರ್ಲಿಲ್ವಂತೆ. ನಂದೂ ಅವಳ ತಲೇನೇ ಅಲ್ವಾ?"

ನಾನು ಒರೆಸಿದ್ದು ಎರಡು ಕಡ್ಡಿಗಳನ್ನು ಮಾತ್ರ ಎಂದುಕೊಂಡಿದ್ದೆ.

ಮುಂದಿನ ಭಾನುವಾರ ಶಾಲೆಯಿಂದ ಯಂತ್ರ, ತಟ್ಟೆ, ಕಡ್ಡಿಗಳನ್ನು ಕೇಳಿ ತಂದು ನಿನ್ನ ಊಟದ ಮೇಜಿನ ಮೇಲಿಟ್ಟೆ. ಹರಳೆಣ್ಣೆ ನಿನ್ನ ಮನೆಯದೇ. ಚಿರೋಟಿ ರವೆ ನೀನೇ ತುಂಬಿಟ್ಟ ಡಬ್ಬಿಯದು. ಚೈತ್ರ ಹಿಡಿ ತಿರುಗಿಸಿದಳು. ರವೆ ಒಮ್ಮೆ ನಡುಗಿ, ತಂತಿಯಿಂದ ತಂತಿಗೆ ಬಾಗಿ ಬಾಗಿ ಸಾಲಾಗಿ ನಿಂತಿತು.

"ಆಂಟೀ! ಸಖತ್ತಾಗಿದೆ! ಗೆರೆ ನಿಜವಾಗ್ಲೂ ಇದೆ!"

"ಚಿರೋಟಿ ರವೆ ಹಾಕ್ಬೇಕು ಅಂತ ಹೇಳಿದ್ದು ನಿಮ್ಮಮ್ಮ," ಎಂದೆ. ಆಮೇಲೆ ಬಟ್ಟೆ ನೆನೆಸಿ ತಂದು, ಅವಳ ಕಣ್ಣೆದುರೇ ಎರಡೂ ಕಡ್ಡಿ ಒರೆಸಿ, ತಟ್ಟೆಯನ್ನು ಕಲಕಿದೆ. "ಈಗ ತಿರುಗ್ಸು."

ತಿರುಗಿಸಿದಳು. ಏನೂ ಆಗಲಿಲ್ಲ.

"ನಿಮ್ಮಮ್ಮಂಗೆ ಫಿಸಿಕ್ಸ್ ಬರ್ತಿತ್ತು ಚೈತ್ರ. ನನಗಿಂತ ಚೆನ್ನಾಗಿ ಬರ್ತಿತ್ತು. ಅದಕ್ಕೇ ನಾನು ಕಾಲೇಜಲ್ಲಿ ಅವಳ ಪ್ರಯೋಗಕ್ಕೆ ಹೀಗೆ ಮಾಡ್ದೆ. ಎಲ್ಲರ ಮುಂದೆ."

ಅವಳು ಬಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಅಮ್ಮಂಗೆ ಗೊತ್ತಿತ್ತಾ?"

"ಇಲ್ಲ."

"ನೀವು ಹೊರಡಿ," ಎಂದಳು. ಮೆಲ್ಲಗೇ ಹೇಳಿದಳು. ನಾನು ಮೆಟ್ಟಿಲಿಳಿಯುವಾಗ ಒಳಗೆ ಮತ್ತೆ ಹಿಡಿ ತಿರುಗುವ ಸದ್ದು ಕೇಳಿಸಿತು.

ಮೊನ್ನೆ ಯಂತ್ರ ಹಿಂದಿರುಗಿಸಲು ಶಾಲೆಗೆ ಬಂದಿದ್ದಳು. ಕಡ್ಡಿಗಳನ್ನು ಒಂದೊಂದಾಗಿ ಒಣ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಕೂರು ಎಂದರೆ ಕೂರಲಿಲ್ಲ.

"ಸೈನ್ಸ್ ತಗೊಂಡೆ, ಮೇಡಂ," ಎಂದಳು.

ಮಾತು ಬಂದಾಗಿನಿಂದ ನನ್ನನ್ನು ಆಂಟಿ ಎನ್ನುತ್ತಿದ್ದ ಮಗು, ಗಿರಿಜಾ. ನಾನು ತಲೆಯಾಡಿಸಿ, ಕಡ್ಡಿಗಳನ್ನು ಬಿಚ್ಚದೆ ಹಾಗೆಯೇ ಒಳಗಿಟ್ಟೆ.