ಮೈಕು ಹಿಡಿದ ಮಾರ್ವಾ, ಸೌಟು ಹಿಡಿದ ನಾನು

ಮಾರ್ವಾ ಲಿಬರ್ಡ್ ಬಸ್ಸು ಓಡಿಸುವುದನ್ನು ನೋಡಿದವರಿಗೆ, ಇವಳು ಒಂದು ಕಾಲದಲ್ಲಿ ಜರ್ಮನಿಯವರೆಗೂ ಹೋಗಿ ಮೈಕು ಹಿಡಿದು ಜನರನ್ನು ಕುಣಿಸಿದವಳು ಎಂದರೆ ನಂಬಿಕೆ ಬರುವುದಿಲ್ಲ. ಲೀಡ್ಸ್ ಊರಿನ ನಮ್ಮ ಚಾಪೆಲ್‌ಟೌನ್ ರಸ್ತೆಯಲ್ಲಿ ಬಸ್ಸು ನಿಲ್ಲಿಸಿ, "ಹತ್ತೋದಾದ್ರೆ ಹತ್ತಪ್ಪ, ಬಾಗಿಲಲ್ಲಿ ನಿಂತು ಪಂಚಾಯ್ತಿ ಮಾಡ್ಬೇಡ" ಎಂದು ಗದರುವಾಗಲೂ ಅವಳ ಮಾತಿಗೆ ತಾಳ ಇರುತ್ತದೆ. ಮೂರು ರೆಕಾರ್ಡು ಮಾಡಿದಳು, ರೇಡಿಯೊದಲ್ಲಿ ಬಂದಳು. ಆಮೇಲೆ ಕಂಪನಿಯವರಿಗೆ ಹೊಸ ಮುಖಗಳು ಬೇಕಾದವು, ಇವಳು ಬಸ್ಸಿನ ಲೈಸೆನ್ಸ್ ಮಾಡಿಸಿಕೊಂಡಳು. ಬೇಜಾರಾಗಲಿಲ್ಲವಾ ಎಂದು ಕೇಳಿದರೆ, "ಯಾಕೆ ಆಂಟಿ? ಆಗ ಜನ ನನ್ನ ಮುಂದೆ ನಿಲ್ತಿದ್ರು, ಈಗ ಹಿಂದೆ ಕೂರ್ತಾರೆ. ನನ್ನ ಮಾತು ಕೇಳೋದಂತೂ ತಪ್ಪಿಲ್ಲ" ಎನ್ನುತ್ತಾಳೆ.

ಈಚೆಗೆ ಕಾಲೇಜಿನವರು, ರೇಡಿಯೊದವರು ಅವಳ ಮನೆ ಬಾಗಿಲು ಸವೆಸುತ್ತಿದ್ದಾರೆ. ಇಂಗ್ಲೆಂಡಿನಲ್ಲಿ ರ‍್ಯಾಪ್ ಹುಟ್ಟಿದ ಕಾಲದ ಕಥೆ ಬೇಕಂತೆ. "ಅದನ್ನ ಮಿಸ್ ಐಯೋನೀನ ಕೇಳಿ" ಎಂದು ಅವಳು ಅವರನ್ನು ನನ್ನ ಮನೆಗೆ ಅಟ್ಟುತ್ತಾಳೆ. ನಾನೇ ಆ ಐಯೋನಿ ಪೆಂಬರ್ಟನ್. ನೆವಿಸ್ ದ್ವೀಪದಿಂದ ಹಡಗಿನಲ್ಲಿ ಬಂದವಳು, ಹೊಲಿಗೆ ಕಾರ್ಖಾನೆಯಲ್ಲಿ ಬೆನ್ನು ಬಗ್ಗಿಸಿದವಳು. ಚರ್ಚಿನ ಹಾಡು ಬಿಟ್ಟರೆ ನನಗೆ ಬೇರೆ ಸಂಗೀತ ಗೊತ್ತಿಲ್ಲ. ಆದರೆ ಆ ಕಥೆ ಹೇಳಬೇಕಾದವಳು ನಾನೇ, ಅದೂ ನಿಜ.

ಸಾವಿರದ ಒಂಬೈನೂರ ಎಂಬತ್ತೈದು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ನನ್ನ ಮಗ ಡೆನ್ಜಿಲ್ ಕೆಲಸವಿಲ್ಲದೆ ಮನೆಯ ನೆಲಮಾಳಿಗೆಯಲ್ಲಿ ರೆಕಾರ್ಡು ತಿರುಗಿಸುತ್ತಾ, ಪ್ರಾಸ ಕಟ್ಟುತ್ತಾ ಕೂತಿರುತ್ತಿದ್ದ. ಶನಿವಾರ ಸಂಜೆ, ದ್ವೀಪಗಳಿಂದ ಬಂದ ನಮ್ಮವರ ಸಮುದಾಯ ಭವನದಲ್ಲಿ ಹುಡುಗರ ಜಿದ್ದಾಜಿದ್ದಿ. ಇಬ್ಬರು ವೇದಿಕೆ ಹತ್ತಿ, ಹಿಂದೆ ಒಬ್ಬ ರೆಕಾರ್ಡು ತಿರುಗಿಸಿ ಕೊಡುವ ತಾಳಕ್ಕೆ ಸರಿಯಾಗಿ ಒಬ್ಬರನ್ನೊಬ್ಬರು ಹೀಯಾಳಿಸುವುದು. ನಾವು ಹೆಂಗಸರು ಪಕ್ಕದ ಅಡುಗೆಮನೆಯ ಕಿಂಡಿಯಿಂದ ಆಡಿನ ಸಾರು, ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ-ಕಾಳು ಬಡಿಸುತ್ತಿದ್ದೆವು.

ಆ ಶನಿವಾರ ಲಂಡನ್ನಿನ ರೆಕಾರ್ಡು ಕಂಪನಿಯವನೊಬ್ಬ ಬಂದು ಬಾಗಿಲ ಹತ್ತಿರ ಕೂತಿದ್ದ. ಗೆದ್ದವರನ್ನು ಕರೆಸಿಕೊಂಡು ರೆಕಾರ್ಡು ಮಾಡಿಸುತ್ತೇನೆ ಅಂದಿದ್ದ. ನಾನು ಬೆಳಗ್ಗೆಯೇ ಮಂಡಿಯೂರಿ ದೇವರನ್ನು ಬೇಡಿಕೊಂಡಿದ್ದೆ. ನನ್ನ ಮಗನಿಗೆ ಈ ಒಂದು ಬಾಗಿಲು ತೆಗಿಯಪ್ಪ, ಇನ್ನೇನೂ ಕೇಳಲ್ಲ ಎಂದು.

ಎಲ್ಲರನ್ನೂ ಸೋಲಿಸಿ ಕೊನೆಗೆ ಉಳಿದವರು ಡೆನ್ಜಿಲ್ ಮತ್ತು ಪಕ್ಕದ ಊರು ಹಡರ್ಸ್‌ಫೀಲ್ಡಿನಿಂದ ಬಂದ ಒಂದು ಒಣಕಲು ಹುಡುಗಿ. ಅವಳೇ ಮಾರ್ವಾ. ನಮ್ಮ ಪೇಟೆಗೆ ಮೊದಲ ಸಲ ಕಾಲಿಟ್ಟವಳು. ಆಗ ಎಲ್ಲರಿಗೂ ಅಮೆರಿಕದ ಹುಚ್ಚು. ಇವಳಂತೂ ನ್ಯೂಯಾರ್ಕಿನಲ್ಲೇ ಹುಟ್ಟಿದವಳ ಹಾಗೆ ಮೂಗಿನಲ್ಲಿ ಮಾತಾಡಿ ನನಗೆ ಮೈಯೆಲ್ಲ ಉರಿಸಿದಳು. ಹಾಗೇ ಮೂಗಿನಲ್ಲೇ ಅಂದಳು:

"ನಿನ್ನ ತಾಳ ಸಪ್ಪೆ, ನಿನ್ನ ಮಾತು ಸಪ್ಪೆ,
ನಿಮ್ಮಮ್ಮ ಬೇಯಿಸೋ ಅನ್ನಾನೂ ಸಪ್ಪೆ,
ಅದನ್ನೇ ತಿಂದೋನ ತಲೆ ಬಾಳೆಹಣ್ಣಿನ ಸಿಪ್ಪೆ."

ತಲೆಗಳೆಲ್ಲ ಕಿಂಡಿಯ ಕಡೆ ತಿರುಗಿದವು. ಆ ಅಮ್ಮ ಕಿಂಡಿಯ ಹಿಂದೆಯೇ ನಿಂತಿದ್ದಾಳೆ ಎಂದು ಗೊತ್ತಿಲ್ಲದವಳು ಇಡೀ ಭವನದಲ್ಲಿ ಅವಳೊಬ್ಬಳೇ.

ನಾನು ಸುಮ್ಮನಿರುವ ಪೈಕಿಯೇ? ತಟ್ಟೆ ತುಂಬ ಅನ್ನ ಬಡಿಸಿ, ಸೌಟು ಹಿಡಿದುಕೊಂಡೇ ವೇದಿಕೆಗೆ ನಡೆದೆ. "ಯಾರ ಮಗಳಮ್ಮ ನೀನು?" ಎಂದೆ. ಅವಳ ಮುಂದೆ ತಟ್ಟೆ ಹಿಡಿದೆ. "ಉಣ್ಣದೇ ಊಟಾನ ಬೈಯೋದು ನಮ್ಮಲ್ಲಿಲ್ಲ. ತಗೋ, ತಿನ್ನು. ತಿಂದ್ಮೇಲೆ ಅದೇ ಮಾತನ್ನ ಇನ್ನೊಂದ್ಸಲ ಹೇಳು ನೋಡೋಣ."

ಡೆನ್ಜಿಲ್ ನಕ್ಕ. ಯಾಕೆ ನಗುವುದಿಲ್ಲ? ಅನ್ನ ಚೆನ್ನಾಗಿದೆ ಎಂದರೆ ಅವಳು ತನ್ನ ಮಾತು ತಾನೇ ನುಂಗಿ ಸೋತಳು. ಚೆನ್ನಾಗಿಲ್ಲ ಎಂದರೆ ಆ ಭವನದಿಂದ ಹೊರಗೆ ಹೋಗುವ ದಾರಿಯೇ ಇರಲಿಲ್ಲ. ಅವಳು ವೇದಿಕೆಯ ಅಂಚಿನಲ್ಲಿ ಕೂತು ತಿನ್ನತೊಡಗಿದಳು. ಮೊದಲು ಹೆದರಿಕೊಂಡು, ಆಮೇಲೆ ಹಸಿದವಳ ಹಾಗೆ. ತಟ್ಟೆ ಒರೆಸಿ ನನ್ನ ಕೈಗೆ ಕೊಟ್ಟು ಮೈಕು ಎತ್ತಿದಳು. ನ್ಯೂಯಾರ್ಕು ಎಲ್ಲಿ ಹೋಯಿತೋ. ಅರ್ಧ ಹಡರ್ಸ್‌ಫೀಲ್ಡಿನ ರಸ್ತೆಯ ಮಾತು, ಅರ್ಧ ನಮ್ಮ ದ್ವೀಪದ ಅಜ್ಜಿಯರ ಮಾತು:

"ಅನ್ನ ಉಂಡೆ, ಕಾಳು ಉಂಡೆ, ತಪ್ಪು ನಂದೇ ಅಂತ ಕಂಡೆ,
ಅಮ್ಮನ ಕೈಗೆ ಶರಣು ಅಂದೆ.
ಇಂಥಾ ಊಟ ಉಂಡು ಬೆಳ್ದೋನೆ, ನಿಂತ್ಕೊಂಡು ಮೈಕಿನ ಮುಂದೆ
ಯಾಕೋ ನಿನ್ನ ಬಾಯಲ್ಲಿ ಬರೀ ಮಣ್ಣಿನುಂಡೆ?"

ನನ್ನ ಅಜ್ಜಿ ಬೀದಿಜಗಳ ಆಡುತ್ತಿದ್ದದ್ದು ಹೀಗೇ. ಮೊದಲು ಹೊಗಳಿ, ಆಮೇಲೆ ಕುತ್ತಿಗೆಗೆ ಕೈ. ಡೆನ್ಜಿಲ್ ತನ್ನ ಮೈಕನ್ನು ಕೆಳಗಿಟ್ಟ.

ನಮ್ಮಲ್ಲಿ ಗೆದ್ದವರಿಗೆ ಚಪ್ಪಾಳೆ ತಟ್ಟುವುದಿಲ್ಲ. ಗೋಡೆಗೋ ಮೇಜಿಗೋ ಕೈಗೆ ಸಿಕ್ಕಿದ್ದಕ್ಕೆ ಬಡಿಯುತ್ತೇವೆ; ಬಡಿತ ಬೀಳದಿದ್ದರೆ ಸೋತ ಹಾಗೆ. ಆವತ್ತು ಒಬ್ಬರೂ ಬಡಿಯಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮಿಸ್ ಐಯೋನಿಯ ಮಗನ ವಿರುದ್ಧ ಬಡಿದು, ಆಮೇಲೆ ಅವಳ ಕಿಂಡಿಯ ಮುಂದೆ ತಟ್ಟೆ ಹಿಡಿಯುವ ಗಂಡೆದೆ ಯಾರಿಗಿದೆ? ಲಂಡನ್ನಿನವನು ಏನೂ ತಿಳಿಯದೆ ಅತ್ತಿತ್ತ ನೋಡುತ್ತಿದ್ದ. ನಾನು ಸುಮ್ಮನೆ ತಿರುಗಿ ಅಡುಗೆಮನೆಗೆ ನಡೆದಿದ್ದರೆ ಸಾಕಿತ್ತು, ನನ್ನ ಮಗ ಲಂಡನ್ನಿಗೆ ಹೋಗುತ್ತಿದ್ದ. ಬೆಳಗಿನ ಪ್ರಾರ್ಥನೆ ನೆನಪಾಯಿತು. ಆದರೂ ಸೌಟು ಎತ್ತಿ ವೇದಿಕೆಯ ಹಲಗೆಗೆ ಬಡಿದೆ. ಇನ್ನೊಮ್ಮೆ ಬಡಿದೆ. ಆಮೇಲೆ ಇಡೀ ಭವನವೇ ಬಡಿಯಿತು.

ಡೆನ್ಜಿಲ್ ಕಿಂಡಿಯ ಹತ್ತಿರ ಬಂದು ನಿಂತ. ಕಣ್ಣು ಕೆಂಪಾಗಿತ್ತು. "ಅಮ್ಮಾ, ನೀನು ಯಾರ ತಾಯಿ?"

"ನಿನ್ನ ತಾಯೀನೇ ಕಣೋ. ಬೇರೆಯವರ ತಾಯಿ ಆಗಿದ್ರೆ ಸುಳ್ಳು ಹೇಳಿ ಸಮಾಧಾನ ಮಾಡ್ತಿದ್ದೆ."

ಅವನು ಕಿಂಡಿಯ ಮೇಲಿದ್ದ ಖಾಲಿ ತಟ್ಟೆಗಳನ್ನು ಒಂದೊಂದಾಗಿ ಒಳಗೆ ಕೊಟ್ಟ. ನಾನು ಪಾತ್ರೆ ಉಜ್ಜುತ್ತಾ ಇದ್ದೆ, ಕಣ್ಣೀರು ಕಾಣಬಾರದಲ್ಲ. ಕೊನೆಗೆ ಅಂದ, "ಚೆನ್ನಾಗೇ ಹೇಳಿದ್ಲು ಬಿಡು. ಆದ್ರೆ ಅವಳ ಹಿಂದೆ ರೆಕಾರ್ಡು ತಿರುಗಿಸಿದೋನಿಗೆ ಕೈ ಕುಂಟು. ಒಳ್ಳೇ ಮಾತು ಹಾಳಾಯ್ತು."

"ಅದನ್ನ ನನಗ್ಯಾಕೆ ಹೇಳ್ತೀಯ? ಹೋಗಿ ಅವಳಿಗೆ ಹೇಳು."

ಹೋದ. ಲಂಡನ್ನಿನ ಬಸ್ಸು ಹತ್ತಿದಾಗ ಇಬ್ಬರಿದ್ದರು. ಇವಳು ಮಾತಿಗೆ, ಇವನು ತಾಳಕ್ಕೆ. ಆ ಮೊದಲ ರೆಕಾರ್ಡು ನನ್ನ ಹತ್ತಿರ ಇದೆ. ಅದರ ಕವರಿನ ತುಂಬ ಮಾರ್ವಾಳ ಹೆಸರು, ಕೆಳಗಿನ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿ ನನ್ನ ಮಗನದು. ರೇಡಿಯೊದವರು ಬಂದಾಗ ದೊಡ್ಡ ಹೆಸರು ತೋರಿಸಿ ಕಥೆ ಹೇಳುತ್ತೇನೆ. ಅವರು ಹೋದಮೇಲೆ ಕನ್ನಡಕ ಹಾಕಿಕೊಂಡು ಸಣ್ಣದನ್ನು ಓದಿಕೊಳ್ಳುತ್ತೇನೆ.