ದೊಡ್ಡವ್ವ ಸುಟ್ಟ ಬಿಳಿ ಬೂದಿ

ಮೊನ್ನೆ ಗೋಡೆಬೀರು ಖಾಲಿ ಮಾಡಿ ಒರೆಸುತ್ತಿದ್ದಾಗ ಹಿಂದಿನ ಮೂಲೆಯಲ್ಲಿ ಅಗಲ ಬಾಯಿಯ ಗಾಜಿನ ಬಾಟಲಿಯೊಂದು ಸಿಕ್ಕಿತು. ಮುಚ್ಚಳ ತಿರುವಿದರೆ ಸಣ್ಣಗೆ ಲವಂಗದ ವಾಸನೆ. ಒಳಗೆ ಬೂದಿ. ನೀವಾಗಿದ್ದರೆ ಚೆಲ್ಲಿ ಬಾಟಲಿ ತೊಳೆದಿಡುತ್ತಿದ್ದಿರಿ. ನಾನು ಬೆರಳಿಗೆ ಹಚ್ಚಿಕೊಂಡು ನೆಕ್ಕಿದೆ. ಉಪ್ಪು, ಇಷ್ಟು ವರ್ಷದ ಮೇಲೂ. ಬಾಟಲಿಯ ಮೇಲೆ ನನ್ನದೇ ದುಂಡು ಅಕ್ಷರದ ಚೀಟಿ: ‘ಭತ್ತದ ಹೊಟ್ಟಿನ ಬೂದಿ. ಸುಟ್ಟದ್ದು: ಪ್ರಯೋಗಾಲಯದ ಕುಲುಮೆಯಲ್ಲಿ.’ ಈ ಚೀಟಿಯಲ್ಲಿ ಒಂದು ಸುಳ್ಳಿದೆ. ಅದನ್ನು ಹೇಳಲೆಂದೇ ನಿಮ್ಮನ್ನು ಕೂರಿಸಿಕೊಂಡಿದ್ದೇನೆ.

ಎಂಬತ್ತರ ದಶಕದ ಆರಂಭ. ಬಳ್ಳಾರಿಯ ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗದಲ್ಲಿ ನಾನು ಲ್ಯಾಬ್ ಅಸಿಸ್ಟೆಂಟ್. ಗಾಜಿನ ಸಾಮಾನು ತೊಳೆಯುವುದು, ಒಡೆದದ್ದನ್ನು ಬರೆದಿಡುವುದು, ಒಡೆದವರ ಹೆಸರನ್ನು ಮರೆತುಬಿಡುವುದು, ಇವೆಲ್ಲ ನನ್ನ ಕೆಲಸ. ಅಲ್ಲಿಗೆ ಸ್ವೀಡನ್ನಿನಿಂದ ಇಂಗ್ರಿಡ್ ಎಂಬ ಸಂಶೋಧಕಿ ಬಂದರು. ಬಿಸಿಲಿನಿಂದ ಕರೆಂಟು ತೆಗೆಯುವ ಫಲಕಕ್ಕೆ ಸಿಲಿಕಾನ್ ಬೇಕು. ಭತ್ತದ ಹೊಟ್ಟಿನ ಬಿಳಿ ಬೂದಿಯಿಂದ ಅದನ್ನು ಅಗ್ಗವಾಗಿ ತೆಗೆಯಬಹುದೇ ಎಂದು ಅವರ ಲ್ಯಾಬೂ ನಮ್ಮ ಲ್ಯಾಬೂ ಕೂಡಿ ನೋಡುವುದಿತ್ತು. ಹೊಟ್ಟಿಗೆ ಸಿರುಗುಪ್ಪದ ರೈಸ್ ಮಿಲ್ಲುಗಳಿದ್ದವು. ಬಿಸಿಲಂತೂ ಕೇಳದೆಯೇ ಸಿಗುತ್ತಿತ್ತು. ಬೂದಿ ಚೊಕ್ಕವಾಗಿ ಬಂದರೆ ಅದನ್ನು ಸುಟ್ಟವರಿಗೆ ಅವರ ದೇಶದಲ್ಲಿ ಮೂರು ತಿಂಗಳ ತರಬೇತಿ ಎಂದು ಮಾತಾಗಿತ್ತು. ಸುಡುವ ಕೆಲಸ ನನಗೆ ಬಂತು. ನಾನು ಅಂದೇ ಸ್ವೆಟರ್ ಹೆಣೆಯಲು ಕೂತೆ. ಬಳ್ಳಾರಿಯ ಏಪ್ರಿಲ್ಲಿನಲ್ಲಿ ಬೆವರೊರೆಸಿಕೊಳ್ಳುತ್ತ ಉಣ್ಣೆ ಹೆಣೆಯುವವಳನ್ನು ನೋಡಿ ಓಣಿಯವರು ನಮ್ಮಮ್ಮನ ಬಳಿ ನನ್ನ ಆರೋಗ್ಯ ವಿಚಾರಿಸಿದರು.

ಲ್ಯಾಬಿನ ಕರೆಂಟು ಕುಲುಮೆಯಲ್ಲಿ ಹೊಟ್ಟು ಗಂಟೆಗಟ್ಟಲೆ ಒಂದೇ ಹದದಲ್ಲಿ ಬೇಯಬೇಕು. ನಡುವೆ ಕರೆಂಟು ಹೋಗುತ್ತಿತ್ತು. ಬಂದ ಮೇಲೆ ನಾನು ಅವಸರಕ್ಕೆ ಕಾವು ಏರಿಸುತ್ತಿದ್ದೆ. ಮೂರು ಸಲವೂ ಬೂದಿ ಕಾಡಿಗೆಯಂತಾಯಿತು. ಆಗ ನೆನಪಾದದ್ದು ಕುರುಗೋಡಿನ ದೊಡ್ಡವ್ವ, ನಮ್ಮಮ್ಮನ ಅಕ್ಕ. ಹಲ್ಲು ತಿಕ್ಕಲೆಂದು ಆಕೆ ತೂತುಬಿದ್ದ ಮಡಕೆಯಲ್ಲಿ ಹೊಟ್ಟು ಸುಟ್ಟರೆ ಸುಣ್ಣದಂಥ ಬೂದಿ ಬರುತ್ತಿತ್ತು. ಅರ್ಧ ಚೀಲ ಹೊಟ್ಟು ಹೊತ್ತು ಬಸ್ಸು ಹತ್ತಿದೆ.

“ಯಾರಿಗವಾ ಇಷ್ಟು ಬೂದಿ?” ಅಂದಳು ದೊಡ್ಡವ್ವ.

“ಸ್ವೀಡನ್ನಿಂದ ಒಬ್ಬ ಮೇಡಂ ಬಂದಾರ. ಅವರಿಗೆ ಬೇಕಂತ.”

“ಅಯ್ಯ ಪಾಪ, ಅವರ ಊರಾಗ ಹೊಟ್ಟು ಸಿಗಂಗಿಲ್ಲೇನ?”

“ಸಿಗಂಗಿಲ್ಲ ದೊಡ್ಡವ್ವ.”

“ಸುಟ್ಟು ಇಟ್ಟಿರ್ತೀನಿ. ಐತವಾರ ಬಾ.”

ಬಸ್ಸಿನ ಗಡಿಬಿಡಿಯಲ್ಲಿ ಬೂದಿ ಯಾತಕ್ಕೆಂದು ಹೇಳದೆ ನಾನು ಅಷ್ಟಕ್ಕೇ ಬಿಟ್ಟೆ. ಭಾನುವಾರ ಬೆಳ್ಳನೆಯ ಬೂದಿ ಕೈಗೆ ಬಂತು. ಲವಂಗದ ವಾಸನೆ ಬಂದರೂ ಆಕೆಯ ಡಬ್ಬಿಯದಿರಬೇಕು ಅಂದುಕೊಂಡೆ. ಬಾಟಲಿಗೆ ತುಂಬಿ, ನಿಮಗೆ ಆಗಲೇ ಗೊತ್ತಿರುವ ಚೀಟಿ ಅಂಟಿಸಿದೆ.

ಸೋಮವಾರ ಇಂಗ್ರಿಡ್ ಆ ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿದರು. ತಿಳಿನೀರಿಗೆ ಸಿಲ್ವರ್ ನೈಟ್ರೇಟ್ ಒಂದೆರಡು ಹನಿ ಬಿಟ್ಟರು. ನೀರು ಹಾಲಿನಂತಾಯಿತು. ಹಾಗಾದರೆ ಅದರಲ್ಲಿ ಉಪ್ಪಿದೆ ಎಂದರ್ಥ. ಅವರು ಗೋಡೆಯ ನಕಾಶೆ ನೋಡಿ, ಸಿರುಗುಪ್ಪದ ಹತ್ತಿರ ಸಮುದ್ರವೇನಾದರೂ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಮ್ಮ ಪ್ರೊಫೆಸರ್ ನನ್ನ ಕಡೆ ತಿರುಗಿದರು. “ಕುಲುಮಿಯೊಳಗ ಉಪ್ಪು ಹೆಂಗ ಬಂತವಾ?”

ಬಾಟಲಿ ಸರಿಯಾಗಿ ತೊಳೆದಿರಲಿಲ್ಲ ಅನ್ನಬಹುದಿತ್ತು. ಮನೆಯಲ್ಲಿ ಸ್ವೆಟರಿನ ಒಂದು ತೋಳು ಮುಗಿದಿತ್ತು. ಆದರೆ ಇಂಗ್ರಿಡ್ ಪುಸ್ತಕದಲ್ಲಿ ‘ಸಿರುಗುಪ್ಪದ ಹೊಟ್ಟು ಬೇಡ’ ಎಂದು ಬರೆಯಲು ಪೆನ್ನು ಎತ್ತಿದ್ದರು. ಅದು ಹೊಟ್ಟಿನ ತಪ್ಪಲ್ಲವಲ್ಲ.

“ಇದು ನಾ ಸುಟ್ಟಿದ್ದಲ್ಲ ಸರ್. ನಮ್ಮ ದೊಡ್ಡವ್ವ ಸುಟ್ಟಿದ್ದು,” ಅಂದೆ. ತೋಳು ಅಲ್ಲಿಗೇ ಬಿಚ್ಚಿಹೋದಂತಾಯಿತು.

ಮರುದಿನ ಇಂಗ್ರಿಡ್ ನನ್ನ ಜೊತೆ ಕುರುಗೋಡಿನಲ್ಲಿದ್ದರು. ದೊಡ್ಡವ್ವನಿಗೆ ನಮ್ಮ ತಕರಾರೇ ತಿಳಿಯಲಿಲ್ಲ. “ಉಪ್ಪಿಲ್ದ ಬೂದೀಲೆ ಹಲ್ಲು ಹೆಂಗ ತಿಕ್ತಾರ? ದೂರದಾಕಿ, ಹಲ್ಲು ನೋಯ್ತಿರಬೇಕು ಅಂತ ಲವಂಗನೂ ಕುಟ್ಟಿ ಹಾಕೀನಿ.”

ನಾನು ತಲೆ ತಗ್ಗಿಸಿಕೊಂಡೇ ಅನುವಾದ ಮಾಡಿದೆ. ಇಂಗ್ರಿಡ್ ನಕ್ಕು, ಬಚ್ಚಲ ಕಲ್ಲಿನ ಮೇಲೆ ಕೂತು ಚೆನ್ನಾಗಿ ಹಲ್ಲು ತಿಕ್ಕಿ, ಬಾಯಿ ಮುಕ್ಕಳಿಸಿ, ಆಮೇಲೆ ‘ಮಡಕೆ ತೋರಿಸಿ’ ಅಂದರು. ಮೂರು ದಿನ ಆ ಮಡಕೆಯ ಪಕ್ಕ ಮಣೆ ಹಾಕಿಕೊಂಡು ಬರೆದುಕೊಂಡರು.

“ಉರಿ ಏಳಬಾರ್ದು ಇಂಗ್ರಿಡಮ್ಮ. ಒಳಗ ಕೆಂಡ, ಮ್ಯಾಲ ಹೊಗಿ, ಅಷ್ಟ. ಅವಸರ ಮಾಡಿದ್ರ ಕರ್ರಗಾಗ್ತೈತಿ,” ಎಂದು ದೊಡ್ಡವ್ವ ನನ್ನತ್ತ ನೋಡಿದಳು. “ಇಕಿ ಕೈಯಾಗ ಆದಂಗ.”

ಉಪ್ಪು ಹಾಕದ ಬೂದಿ ಪರೀಕ್ಷೆಯಲ್ಲಿ ಚೊಕ್ಕವೆಂದು ಬಂತು. ಉಪ್ಪಿನದನ್ನು ಬಾಟಲಿ ಸಮೇತ ನಾನು ಮನೆಗೆ ತಂದಿಟ್ಟೆ. ಇಂಗ್ರಿಡ್ ಮಾತಿಗೆ ತಪ್ಪುವವರಲ್ಲ. ತರಬೇತಿಗೆ ಬರುತ್ತೀರಾ ಎಂದು ದೊಡ್ಡವ್ವನನ್ನೇ ಕೇಳಿದರು.

“ಅಲ್ಲಿ ಹೊಟ್ಟೇ ಸಿಗಂಗಿಲ್ಲಂದ್ರ ನಾ ಹೋಗಿ ಏನ್ ಸುಡ್ಲಿ?” ಅಂದಳು ಆಕೆ. “ಈ ಹುಡುಗಿಗೆ ನಾ ಕಲಿಸ್ತೀನಿ. ಒಂದು ಮಡಕಿ ಬೆಳ್ಳಗ ಇಳಿಸಿದ ಮ್ಯಾಲ ಕರಕೊಂಡು ಹೋಗ್ರಿ.”

ಏಳು ಮಡಕೆ ಕಪ್ಪಾದವು. ಒಂದೊಂದನ್ನೂ ದೊಡ್ಡವ್ವ ನೆರೆಮನೆಯವರಿಗೆ ಕರೆದು ತೋರಿಸಿದಳು. ಎಂಟನೆಯದು ಬೆಳ್ಳಗಾಯಿತು. ಅಷ್ಟರಲ್ಲಿ ಸ್ವೆಟರಿನ ಇನ್ನೊಂದು ತೋಳೂ ಮುಗಿದಿತ್ತು, ಮೊದಲಿನದಕ್ಕಿಂತ ನಾಲ್ಕು ಬೆರಳು ಉದ್ದವಾಗಿ. ಅದನ್ನೇ ತೊಟ್ಟು ಸ್ವೀಡನ್ನಿಗೆ ಹೋಗಿಬಂದೆ. ಮೊದಲ ತರಬೇತಿ ಎಲ್ಲಿ ಆಯಿತು ಎಂದು ಅಲ್ಲಿಯವರು ಕೇಳಿದಾಗ ಕುರುಗೋಡು ಅಂದೆ. ಪಾಪ, ನಕಾಶೆಯಲ್ಲಿ ಬಹಳ ಹುಡುಕಿದರು.

ಈಗ ನಮ್ಮ ಮಾಳಿಗೆಯ ಮೇಲೂ ಫಲಕಗಳಿವೆ. ಅವುಗಳಲ್ಲಿ ದೊಡ್ಡವ್ವನ ಬೂದಿಯ ಒಂದು ಕಣವೂ ಇಲ್ಲವೆಂದು ಗೊತ್ತು. ಆದರೂ ಧೂಳು ಒರೆಸಲು ಹೋದಾಗ ಅವಸರ ಮಾಡುವುದಿಲ್ಲ.

ಮೊನ್ನೆ ಆ ಚೀಟಿಯನ್ನು ನೀರು ಹಚ್ಚಿ ಕಿತ್ತೆ. ಬೇರೆಯದು ಬರೆದು ಅಂಟಿಸಿದೆ: ‘ಸುಟ್ಟದ್ದು: ದೊಡ್ಡವ್ವ, ಕುರುಗೋಡು. ಉಪ್ಪು, ಲವಂಗ ಹಾಕಿದೆ.’ ಬಾಟಲಿಯನ್ನು ಬೀರುವಿಗೆ ವಾಪಸು ಇಡಲಿಲ್ಲ. ಬಚ್ಚಲ ಗೂಡಿನಲ್ಲಿ, ಬ್ರಷ್ಷಿನ ಪಕ್ಕದಲ್ಲಿಟ್ಟಿದ್ದೇನೆ.