ಪೈಪು ಯಾರು ಹಿಡಿಯಬೇಕು

ಸರಟೋಗಾದ ಡಾಕ್ಟರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪ್ರಸಾದ ಹಂಚುತ್ತಾ ಆ ಮನೆಯಾಕೆ ತಾವು ಮೋಟರ್ ಹೋಮಿನಲ್ಲಿ ಸರೋವರದ ಊರಿಗೆ ಹೋಗಿಬಂದ ಕತೆ ಹೇಳಿದರು. ಗಾಡಿಯೊಳಗೇ ಒಲೆ, ಗಾಡಿಯೊಳಗೇ ಹಾಸಿಗೆ, ಗಾಡಿಯೊಳಗೇ ಕಕ್ಕಸು. ಹೋಟೆಲಿನ ಊಟ ಬೇಡ, ಯಾರೋ ಮಲಗೆದ್ದ ಮಂಚ ಬೇಡ. ಕೇಳುತ್ತಾ ನಮ್ಮ ಅತ್ತೆಯ ಕಣ್ಣು ಅರಳಿತು. ಮೈಸೂರಿನಿಂದ ಈ ಪರದೇಶಕ್ಕೆ ಬಂದು ಎರಡು ತಿಂಗಳು ಕಳೆದಿದ್ದರೂ ಎಲ್ಲೂ ನೀರು ಮುಟ್ಟುವುದಿಲ್ಲ ಎಂಬ ಒಂದೇ ಕಾರಣಕ್ಕೆ ಮಿಲ್ಪಿಟಾಸಿನ ನಮ್ಮ ಅಪಾರ್ಟ್‌ಮೆಂಟು ಬಿಟ್ಟು ದೂರ ಎಲ್ಲೂ ಹೋಗಿರಲಿಲ್ಲ. "ನನ್ನ ಮಡಿಗೆ ಇದು ಸರಿಹೋಗುತ್ತೆ ಕಣೋ," ಎಂದು ಮಗನಿಗೆ ಹೇಳಿದರು. ನನ್ನ ಗಂಡ ಕೋಲೆ ಬಸವನ ಹಾಗೆ ತಲೆಯಾಡಿಸಿದರು. ತಾಯಿಯ ಮುಂದೆ ಅವರು ಬೇರೆ ರೀತಿ ತಲೆಯಾಡಿಸಿದ್ದನ್ನು ನಾನು ಕಂಡೇ ಇಲ್ಲ.

ಎಂಬತ್ತರ ದಶಕದ ಮಾತು. ಒಂದು ಲಾಂಗ್ ವೀಕೆಂಡಿಗೆ ಗಾಡಿ ಬಾಡಿಗೆಗೆ ತಂದೆವು. ಬಾಡಿಗೆಯವನು ಗಾಡಿಯ ಸುತ್ತ ಕರೆದುಕೊಂಡು ಹೋಗಿ ವಿವರಿಸಿದ. ಕಕ್ಕಸಿನದ್ದೆಲ್ಲ ಕೆಳಗಿನ ಟ್ಯಾಂಕಿನಲ್ಲಿ ಸೇರುತ್ತದೆ. ಅದು ತುಂಬಿದಾಗ ಡಂಪ್ ಸ್ಟೇಷನ್ ಎನ್ನುವ ಜಾಗ ಹುಡುಕಿಕೊಂಡು ಹೋಗಿ, ದಪ್ಪ ಪೈಪು ಸಿಕ್ಕಿಸಿ, ನೆಲದ ತೂತಿಗೆ ಬಿಡಬೇಕು. ಅವನು ಕೊಟ್ಟ ತೆಳು ಕಾಗದವೊಂದನ್ನು ಬಿಟ್ಟು ಒಳಗೆ ಬೇರೇನೂ ಹಾಕಬಾರದು. ಹಿಂದಿರುಗಿಸುವಾಗ ಟ್ಯಾಂಕು ಖಾಲಿ ಇರಲೇಬೇಕು. ನನ್ನ ಗಂಡ ಅವನಿಗೂ ತಲೆಯಾಡಿಸಿದರು.

ಹೊರಟಿದ್ದು ಶುಕ್ರವಾರ. ಅತ್ತೆ ಗಾಡಿ ನಿಂತಿದ್ದಾಗ ಒಂದು ಸಲವೂ ಕಕ್ಕಸಿಗೆ ಹೋಗಲಿಲ್ಲ. ಫ್ರೀವೇ ಹತ್ತಿ ವೇಗ ಹಿಡಿದ ಮೇಲೆಯೇ ಚೊಂಬು ಹಿಡಿದು ಏಳುವುದು, ಗೋಡೆಗೆ ಡಿಕ್ಕಿ ಹೊಡೆಯುತ್ತಾ ಹೋಗುವುದು, ಒಳಗೆ ಚೊಂಬಿನ ಮೇಲೆ ಚೊಂಬು ನೀರು ಸುರಿಯುವುದು. ಬೆಟ್ಟದ ತಿರುವುಗಳಲ್ಲಿ ಒಳಗಿನಿಂದ "ನಾರಾಯಣ, ನಾರಾಯಣ" ಎಂದು ಕೇಳುತ್ತಿತ್ತು. ಊರು ಮುಟ್ಟುವಷ್ಟರಲ್ಲಿ ಅವರ ಮೊಣಕೈ ಕಂದಿಹೋಗಿತ್ತು.

"ಗಾಡಿ ನಿಂತಾಗ ಹೋಗಬಹುದಲ್ಲ ಅತ್ತೆ," ಎಂದೆ.

"ಸ್ಟೇಷನ್ನಲ್ಲಿ ಗಾಡಿ ನಿಂತಾಗ ಹೋಗಬಾರದು ಅಂತ ನಿಮ್ಮಪ್ಪ ನಿನಗೆ ಕಲಿಸಲಿಲ್ವೇನೇ?"

ಗಂಡ ನಕ್ಕು ನಿಜ ಹೇಳಿಬಿಟ್ಟರು. ರೈಲಿನ ಹಾಗೆ ಇದು ರಸ್ತೆಗೆ ಬೀಳುವುದಿಲ್ಲ, ಎಲ್ಲಾ ಕೆಳಗಿನ ಟ್ಯಾಂಕಿನಲ್ಲೇ ಇರುತ್ತದೆ ಎಂದು.

ಅತ್ತೆ ಒಲೆಯನ್ನು ನೋಡಿದರು. ಒಲೆಯ ಮೇಲಿನ ಕಪಾಟಿನಲ್ಲಿಟ್ಟಿದ್ದ ದೇವರ ಪೆಟ್ಟಿಗೆಯನ್ನು ನೋಡಿದರು. "ಹಾಗಾದ್ರೆ ಮಿಲ್ಪಿಟಾಸಿಂದ ಅದೂ ನಮ್ಮ ಜೊತೇಲೇ ಬಂತೇನೋ?"

"ಬಂತು ಅಮ್ಮಾ."

"ನಾನು ಅದರ ಮೇಲೆ ಕೂತು ಚಿತ್ರಾನ್ನ ತಿಂದೆ."

ಅಷ್ಟೇ. ಟ್ಯಾಂಕು ಖಾಲಿಯಾಗುವವರೆಗೆ ಒಲೆ ಹಚ್ಚಕೂಡದು, ದೇವರಿಗೆ ದೀಪವೂ ಇಲ್ಲ ಎಂದು ಅಪ್ಪಣೆಯಾಯಿತು. ಆ ರಾತ್ರಿ ನಾವು ಬಾಳೆಹಣ್ಣು ತಿಂದು ಮಲಗಿದೆವು. ನನಗೆ ಒಳಗೊಳಗೇ ನಗು ಬಂದಿತ್ತು. ಆ ನಗು ಬೆಳಗಿನ ತನಕವೂ ಉಳಿಯಲಿಲ್ಲ.

ನನ್ನದೊಂದು ಗುಟ್ಟಿತ್ತು. ಅತ್ತೆ ಬಂದಾಗಿನಿಂದ ತಿಂಗಳ ಮುಟ್ಟನ್ನು ನಾನು ಅವರಿಗೆ ಹೇಳಿರಲಿಲ್ಲ. ಹೇಳಿದರೆ ಮೂರು ದಿನ ದೂರ ಕೂರಬೇಕು, ಒಲೆ ಮುಟ್ಟಬಾರದು, ಐದು ವರ್ಷದ ಮಗಳನ್ನು ಮುಟ್ಟಬಾರದು. ಇದು ನನ್ನ ಉಪಾಯವಲ್ಲ, ನನ್ನ ಗಂಡನದು. "ಸುಮ್ನೆ ರಗಳೆ ಯಾಕೆ? ಅಮ್ಮನಿಗೆ ಹೇಳಬೇಡ, ಮಾಮೂಲಿ ಥರ ಇರು," ಎಂದು ಅವರೇ ಹೇಳಿಕೊಟ್ಟಿದ್ದರು. ಮನೆಯಲ್ಲಿ ಅದು ಸುಲಭವಾಗಿತ್ತು. ಗಾಡಿಯಲ್ಲಿ, ಹೊರಟ ದಿನವೇ ಶುರುವಾಯಿತು. ಕಕ್ಕಸಿಗೆ ಏನೂ ಹಾಕುವಂತಿಲ್ಲವಲ್ಲ, ಕಾಗದದಲ್ಲಿ ಸುತ್ತಿ ಕಸದ ಚೀಲದ ತಳದಲ್ಲಿಟ್ಟೆ. ಶನಿವಾರ ಬೆಳಿಗ್ಗೆ ಅತ್ತೆ ಬಾಳೆಹಣ್ಣಿನ ಸಿಪ್ಪೆ ಹಾಕಲು ಹೋದವರು ಆ ಚೀಲವನ್ನು ಕೆದಕಿದರು. ಬೇರೆಯವರ ಕಸ ಕೆದಕಲು ಅವರ ಮಡಿ ಯಾವತ್ತೂ ಅಡ್ಡ ಬಂದಿದ್ದಿಲ್ಲ.

"ಏನೇ ಇದು?"

ನಾನು ಚೀಲದ ಬಾಯಿ ಮುಚ್ಚಲು ಹೋದೆ. ಅತ್ತೆ ಬಿಡಲಿಲ್ಲ.

"ಎರಡು ತಿಂಗಳಿಂದ ನೀನು ಹೊರಗೆ ಕೂತಿಲ್ಲ. ನಾನು ಏನಂದುಕೊಂಡಿದ್ದೆ ಗೊತ್ತಾ? ಮೊಮ್ಮಗ ಬರ್ತಾನೆ ಅಂದುಕೊಂಡಿದ್ದೆ. ಹೆಸರು ಕೂಡ ಯೋಚಿಸಿಟ್ಟಿದ್ದೆ." ಅವರ ದನಿ ಒಂದು ಕ್ಷಣ ಒಡೆಯಿತು, ಮತ್ತೆ ಗಟ್ಟಿಯಾಯಿತು. "ಮುಟ್ಟಾಗಿ ನನ್ನ ಕೈಗೆ ಅನ್ನದ ಪಾತ್ರೆ ಕೊಟ್ಟಿದ್ದೀಯ. ನನ್ನ ದೇವರಿಗೆ ಹೂ ಕೊಟ್ಟಿದ್ದೀಯ."

ಈಗ ನೆನೆದರೆ ತಿಳಿಯುತ್ತದೆ, ಆ ಎರಡು ತಿಂಗಳು ಅವರು ನನಗೆ ಹಾಲು ಬಿಸಿ ಮಾಡಿಕೊಡುತ್ತಿದ್ದದ್ದು ಯಾಕೆ ಎಂದು. ನನಗಲ್ಲ, ಹುಟ್ಟದ ಮೊಮ್ಮಗನಿಗೆ.

ನಾನು ಗಂಡನ ಮುಖ ನೋಡಿದೆ. ಉಪಾಯ ಅವರದ್ದು, ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ನಕ್ಷೆ ಮಡಿಸುತ್ತಾ, "ನನಗೂ ಹೇಳಿರಲಿಲ್ಲ ಅಮ್ಮಾ," ಎಂದರು. ಅತ್ತೆ ಬೈದಿದ್ದಕ್ಕೆ ಬಾರದ ಅಳು ಗಂಡನ ಆ ಮಾತಿಗೆ ಬಂತು.

ನನ್ನ ಜಾಗ ನಿರ್ಧಾರವಾಯಿತು. ಗಾಡಿಯ ಹಿಂಬದಿ, ಕಕ್ಕಸಿನ ಬಾಗಿಲ ಪಕ್ಕದ ಮಂಚ. ಸೋಮವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಳ್ಳುವವರೆಗೆ ಅದನ್ನು ಬಿಟ್ಟು ಅಲುಗಾಡಬಾರದು. ಮಗಳು ಓಡಿ ಬಂದಳು. ಅತ್ತೆ ಅವಳ ರಟ್ಟೆ ಹಿಡಿದು ಎಳೆದುಕೊಂಡರು. "ಅಮ್ಮನ್ನ ಮುಟ್ಟಬಾರದು ಪುಟ್ಟಿ, ಅಮ್ಮ ಕೊಳೆಯಾಗಿದ್ದಾಳೆ."

"ವೈ ಈಸ್ ಅಮ್ಮ ಡರ್ಟಿ?" ಎಂದು ಮಗು ಅಪ್ಪನನ್ನು ಕೇಳಿತು. ಅಪ್ಪ ಗಾಡಿ ಸ್ಟಾರ್ಟ್ ಮಾಡಿದರು.

ಟ್ಯಾಂಕು ಖಾಲಿ ಮಾಡಿಸಲೇಬೇಕಲ್ಲ, ನಾವು ಗಾಡಿ ನಿಲ್ಲಿಸಿ ರಾತ್ರಿ ತಂಗಿದ್ದ ಕ್ಯಾಂಪ್‌ಗ್ರೌಂಡಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಊರೆಲ್ಲ ಡಂಪ್ ಸ್ಟೇಷನ್ ಹುಡುಕಿದೆವು. ಮೊದಲು ಪೆಟ್ರೋಲ್ ಬಂಕೊಂದರ ಹಿಂದೆ ಸಿಕ್ಕಿತು. ಅದರ ಬಾಯಿಗೆ ಬೀಗ. ಇನ್ನೊಂದು ಬೇರೆ ಕ್ಯಾಂಪ್‌ಗ್ರೌಂಡಿನಲ್ಲಿತ್ತು, ಅಲ್ಲಿ ಉಳಿದುಕೊಂಡವರಿಗೆ ಮಾತ್ರವಂತೆ. ಜನರೆಲ್ಲ ದಡದ ಮರಳಿನ ಮೇಲೆ ಮೈ ಚಾಚಿ ಮಲಗಿದ್ದರು, ಮಕ್ಕಳು ನೀರಿನಲ್ಲಿ ಕಿರುಚುತ್ತಿದ್ದರು. ನಾವು ಅವರ ಮುಂದೆಯೇ ನಾಲ್ಕಾರು ಸಲ ಹಾದುಹೋದೆವು, ಗಾಡಿಯ ಹೊಟ್ಟೆಯಲ್ಲಿ ಅದನ್ನು ಕುಲುಕಿಸಿಕೊಂಡು. ಆ ಸರೋವರವನ್ನು ನಾನು ನೋಡಿದ್ದು ಹಿಂದಿನ ಕಿಟಕಿಯಿಂದ ಮಾತ್ರ. ಕೊನೆಗೆ ದೋಣಿ ಇಳಿಸುವ ಕಟ್ಟೆಯ ಹತ್ತಿರ ಒಂದು ಸಿಕ್ಕಿತು. ಉದ್ದಕ್ಕೆ ಗಾಡಿಗಳ ಸಾಲು.

ನಮ್ಮ ಸರದಿ ಬಂದಾಗ ಗಂಡ ಇಳಿದು ರಬ್ಬರಿನ ಕೈಗವಸು ಹಾಕಿಕೊಳ್ಳತೊಡಗಿದರು. ಅತ್ತೆ ಕಿಟಕಿಯಿಂದ ಕೂಗಿದರು.

"ಜನಿವಾರ ಹಾಕ್ಕೊಂಡು ನೀನು ಅದನ್ನ ಮುಟ್ತೀಯೇನೋ?"

"ಇನ್ಯಾರು ಮಾಡ್ತಾರೆ ಅಮ್ಮಾ?"

"ಅವಳು ಹೇಗೂ ಮೈಲಿಗೆ. ಇನ್ನೊಂದಿಷ್ಟು ಮೈಲಿಗೆ ಅವಳಿಗೇನು ಭಾರವೇ? ಎಲ್ಲಾ ಸೇರಿಸಿ ನಾಲ್ಕನೇ ದಿನ ತೊಳ್ಕೋತಾಳೆ."

ಲೆಕ್ಕ ಸರಿಯಾಗಿತ್ತು, ಅದೇ ಅದರ ಕ್ರೌರ್ಯ. ನಾನು ಹಿಂದಿನ ಬಾಗಿಲಲ್ಲಿ ನಿಂತು ಒಂದೇ ಮಾತಿಗೆ ಕಾಯುತ್ತಿದ್ದೆ: ಬಿಡು, ನಾನು ಮಾಡುತ್ತೇನೆ. ಬೆಳಗಿನ ಸುಳ್ಳನ್ನು ನಾನು ಆ ಒಂದು ಮಾತಿಗೆ ಮರೆತುಬಿಡುತ್ತಿದ್ದೆ, ಆಣೆಯಾಗಿ. ಗಂಡ ಕೈಗವಸು ಕಳಚಿ ಮೆಟ್ಟಿಲ ಮೇಲಿಟ್ಟರು, ನನ್ನ ಕೈಗೆ ತಾಗದಂತೆ. "ಎರಡು ನಿಮಿಷದ ಕೆಲಸ ಅಷ್ಟೇ ಕಣೇ," ಎಂದರು.

ಎರಡು ನಿಮಿಷದ ಕೆಲಸವಲ್ಲ ಅದು. ಮುಚ್ಚಳ ತೆಗೆದ ಕೂಡಲೇ ಮೊದಲು ಒಂದಿಷ್ಟು ಸೋರುತ್ತದೆ. ಪೈಪಿನ ಬಾಯನ್ನು ಕಚ್ಚಿಸಿ, ಟಕ್ ಎನ್ನುವವರೆಗೆ ತಿರುಗಿಸಬೇಕು, ಅರ್ಧ ತಿರುಗಿಸಿದರೂ ಕೂತಂತೆಯೇ ಕಾಣುತ್ತದೆ. ಆಮೇಲೆ ಟ್ಯಾಂಕಿನ ಹಿಡಿ ಎಳೆಯಬೇಕು. ಆಗ ಪೈಪು ಕೈಯಲ್ಲಿ ನಡುಗುತ್ತದೆ. ವಾಸನೆಗೆ ನನಗೆ ವಾಂತಿ ಬಂತು, ಪಕ್ಕದ ಹುಲ್ಲಿನಲ್ಲಿ ಮಾಡಿಕೊಂಡು ಮತ್ತೆ ಬಂದು ಹಿಡಿದೆ. ಚೊಂಬುಗಟ್ಟಲೆ ನೀರು ಸುರಿದಿದ್ದರಲ್ಲ ಮಹಾತಾಯಿ, ಮುಗಿಯುವಂತೆಯೇ ಇರಲಿಲ್ಲ. ಆ ಸಾಲಿನಲ್ಲಿ ಪೈಪು ಹಿಡಿದ ಹೆಂಗಸು ನಾನೊಬ್ಬಳೇ. ಉಳಿದ ಗಾಡಿಗಳ ಹೆಂಗಸರು ಮಡಿಸುವ ಕುರ್ಚಿ ಹಾಕಿಕೊಂಡು ತಂಪು ಪಾನೀಯ ಕುಡಿಯುತ್ತಿದ್ದರು. ಹಿಂದಿನ ಗಾಡಿಯ ಮುದುಕನೊಬ್ಬ ನನ್ನ ಗಂಡನಿಗೆ, ನಿನ್ನ ಹೆಂಡತಿ ಬಹಳ ಗಟ್ಟಿಗಿತ್ತಿ, ನೀನು ಪುಣ್ಯವಂತ ಎಂದ. ನನ್ನ ಗಂಡ ಥ್ಯಾಂಕ್ಸ್ ಹೇಳಿದರು.

ಮಧ್ಯಾಹ್ನ ಒಲೆ ಹಚ್ಚಿದರು. ಅತ್ತೆ ನನಗೆ ಕಾಗದದ ತಟ್ಟೆಗೆ ಮೇಲಿನಿಂದ ಅನ್ನ ಹಾಕಿದರು. ಅರ್ಧ ತಟ್ಟೆಗೆ, ಅರ್ಧ ನನ್ನ ಮಡಿಲಿಗೆ. "ಸರಿಯಾಗಿ ಹಿಡಿಯೋಕೂ ಬರಲ್ಲ," ಎಂದರು. ನಾನು ಅಗುಳನ್ನು ಒಂದೊಂದಾಗಿ ಹೆಕ್ಕಿದೆ. ಭಾನುವಾರವೂ ಅದೇ ಕಟ್ಟೆ, ಅದೇ ಪೈಪು, ಅದೇ ಊಟ. ಮಗಳು ಬೀಚಿನಿಂದ ಬಂದವಳು ಬಾಗಿಲಲ್ಲೇ ನಿಂತು, ತನ್ನ ಗೊಂಬೆಗೆ ಬೆರಳು ತೋರಿಸಿ "ಡೋಂಟ್ ಟಚ್ ಅಮ್ಮ" ಎಂದು ಹೇಳಿಕೊಡುತ್ತಿದ್ದಳು. ಆ ಹೊತ್ತಿನಲ್ಲಿ ನನಗೆ ಅತ್ತೆಯ ಮೇಲಲ್ಲ, ಮುಂದೆ ಕೂತು ರೇಡಿಯೊ ತಿರುಗಿಸುತ್ತಿದ್ದ ಮನುಷ್ಯನ ಮೇಲೆ ದ್ವೇಷ ಹುಟ್ಟಿತು. ಬೇಕಾದಷ್ಟು ಹುಟ್ಟಿತು.

ಸೋಮವಾರ ಬೆಳಿಗ್ಗೆ ನಮ್ಮ ಕ್ಯಾಂಪ್‌ಗ್ರೌಂಡಿನ ಸ್ನಾನದ ಮನೆಯಲ್ಲಿ ತಲೆಗೆ ನೀರು ಹಾಕಿಕೊಂಡೆ. ಅತ್ತೆ ಹೊರಗೆ ನಿಂತು, ಕೂದಲ ತುದಿಯವರೆಗೆ ನೆಂದಿದೆಯೇ ಎಂದು ಪರೀಕ್ಷೆ ಮಾಡಿದರು. ಎರಡು ದಿನ ತಾವೇ ಬೇಯಿಸಿ ಅವರಿಗೂ ಸಾಕಾಗಿತ್ತು. "ಶುದ್ಧವಾದೆಯಲ್ಲ, ದಾರಿಗೆ ಬುತ್ತಿ ಕಟ್ಟು," ಎಂದರು. ಹೊರಡುವ ಮುಂಚೆ ಕೊನೆಯ ಸಲ ಟ್ಯಾಂಕು ಖಾಲಿ ಮಾಡಬೇಕಿತ್ತು. ಕಟ್ಟೆಯ ಹತ್ತಿರ ಗಾಡಿ ನಿಂತಿತು. ನಾನು ಮೊಸರನ್ನ ಕಲಸುತ್ತಿದ್ದೆ.

"ಬಾರೇ, ನಮ್ಮ ಸರದಿ," ಎಂದರು ಗಂಡ.

ನಾನು ಕೈ ನಿಲ್ಲಿಸದೆ ಅತ್ತೆಯನ್ನು ಕೇಳಿದೆ. "ಹೋಗಲಾ ಅತ್ತೆ? ಅದನ್ನ ಮುಟ್ಟಿ ಬಂದರೆ ಈ ಅನ್ನ ಯಾರೂ ಉಣ್ಣೋ ಹಾಗಿಲ್ಲ. ದೇವರ ಪೆಟ್ಟಿಗೆ ಬೇರೆ ನನ್ನ ಪಕ್ಕದಲ್ಲೇ ಇದೆ."

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ತಾವೇ ಹಾಕಿದ ಗೆರೆ, ದಾಟುವ ಹಾಗಿಲ್ಲ. ಮುದುಕಿ ಎಷ್ಟೇ ಕ್ರೂರಿಯಾಗಿರಲಿ, ಕಾನೂನಿಗೆ ನಿಯತ್ತಾಗಿದ್ದರು. ಅಷ್ಟು ಗೌರವ ನಾನು ಅವರಿಗೆ ಕೊಡಲೇಬೇಕು. "ನೀನೇ ಹೋಗಪ್ಪ," ಎಂದರು ಮಗನಿಗೆ.

ಗಂಡ ಎರಡು ದಿನವೂ ಬೇರೆ ಕಡೆ ಮುಖ ಮಾಡಿ ನಿಂತಿದ್ದವರು. ಪೈಪನ್ನು ಅರ್ಧ ತಿರುಗಿಸಿ ಬಿಟ್ಟಿದ್ದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಟಕ್ ಎನ್ನಲಿಲ್ಲ. ಹೇಳಬಹುದಿತ್ತು. ಮೊಸರನ್ನಕ್ಕೆ ಶುಂಠಿ ಹೆಚ್ಚುತ್ತಿದ್ದೆ, ಹೆಚ್ಚುತ್ತಲೇ ಇದ್ದೆ. ಅವರು ಹಿಡಿ ಎಳೆದರು. ಪೈಪು ಕಳಚಿ ಹಾವಿನ ಹಾಗೆ ಹೊರಳಿತು, ಪ್ಯಾಂಟು ಮೊಣಕಾಲಿನವರೆಗೆ, ಬೂಟು, ಒಂದು ತೋಳು. ಕುರ್ಚಿಗಳಲ್ಲಿ ಕೂತಿದ್ದ ಹೆಂಗಸರು ಎದ್ದು ದೂರ ಹೋದರು.

ಅಲ್ಲಿದ್ದ ನಲ್ಲಿಯಲ್ಲಿ ಕಾಲು ತೊಳೆದುಕೊಂಡು, ಕಟ್ಟೆಯ ಶೌಚಾಲಯಕ್ಕೆ ಹೋಗಿ ಪ್ಯಾಂಟು ಬದಲಾಯಿಸಿ ಬಂದರು. ಅಲ್ಲಿ ಸ್ನಾನದ ಮನೆಯಿಲ್ಲ ಎಂದು ನನಗೆ ಗೊತ್ತಿತ್ತು. ಕ್ಯಾಂಪ್‌ಗ್ರೌಂಡಿನ ಗೇಟು ದಾಟಿಬಂದಾಗಿತ್ತು, ಮತ್ತೆ ಒಳಗೆ ಬಿಡುತ್ತಿರಲಿಲ್ಲ. ಬಾಗಿಲ ಹತ್ತಿರ ಬಂದು ನನಗಷ್ಟೇ ಕೇಳುವಂತೆ, "ಸ್ನಾನ ಆಯ್ತು ಅಂತ ಅಮ್ಮನಿಗೆ ಹೇಳು. ಸುಮ್ನೆ ರಗಳೆ ಯಾಕೆ?" ಎಂದರು.

ಅದೇ ಮಾತು, ಅದೇ ದನಿ.

ಅತ್ತೆ ನನ್ನನ್ನೇ ಕೇಳಿದರು, ಮಗನನ್ನಲ್ಲ. "ತಲೆಗೆ ನೀರು ಹಾಕ್ಕೊಂಡನೇನೇ ಅವನು?"

ಗಂಡ ನನ್ನ ಮುಖ ನೋಡುತ್ತಿದ್ದರು. ಶನಿವಾರ ಬೆಳಿಗ್ಗೆ ನಾನು ಅವರನ್ನು ಹೇಗೆ ನೋಡಿದ್ದೆನೋ ಹಾಗೆ.

"ನನಗೇನೂ ಹೇಳಿಲ್ಲ ಅತ್ತೆ," ಎಂದೆ.

ಅತ್ತೆ ಮಗನ ನೀರು ಕಾಣದ ತಲೆ ನೋಡಿದರು. "ಹಿಂದೆ ಹೋಗಿ ಕೂತ್ಕೋ," ಎಂದರು. ಗಾಡಿ ಯಾರು ಓಡಿಸುವುದು ಎಂದು ಗಂಡ ಕೇಳಿದರು. ನಾನು ದಿನಾ ಗ್ರೋಸರಿಗೆ ಕಾರು ಓಡಿಸುವವಳು, ಲೈಸೆನ್ಸು ನನ್ನ ಪರ್ಸಿನಲ್ಲೇ ಇತ್ತು. ಕೀಲಿ ಕೈಗೆ ಕೊಡಲು ಬಂದರು. ಅತ್ತೆ ತಡೆದರು. "ಕೆಳಗಿಡು. ಅವಳು ತಗೋತಾಳೆ." ಅವರು ಅದನ್ನು ಮೆಟ್ಟಿಲ ಮೇಲಿಟ್ಟು ಹಿಂದಕ್ಕೆ ಸರಿದರು. ಅತ್ತೆ ಅದರ ಮೇಲೆ ಒಂದು ಹನಿ ನೀರು ಚಿಮುಕಿಸಿದರು. ನಾನು ಎತ್ತಿಕೊಂಡೆ.

ತಿರುವುಗಳಲ್ಲಿ ನಾನು ನಿಧಾನಿಸಲಿಲ್ಲ. ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು, ನನ್ನ ತೋಳಿಗೆ ಒರಗಿಕೊಂಡು. ಹಿಂದಕ್ಕೆ ತಿರುಗಿ, "ಅಪ್ಪಾ, ನೌ ಯು ಆರ್ ಡರ್ಟಿ," ಎಂದಳು. ಅವಳಿಗೆ ಅದು ಸರದಿಯ ಆಟ. ಅವಳಪ್ಪ ಕಕ್ಕಸಿನ ಪಕ್ಕದ ಮಂಚದಲ್ಲಿ ಗೋಡೆ ಹಿಡಿದು ಕೂತಿದ್ದರು.

ಊಟಕ್ಕೆ ಒಂದು ಮರದಡಿ ನಿಲ್ಲಿಸಿದೆ. ಗಂಡ ಕಾಗದದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮಂಚದ ಅಂಚಿನಲ್ಲಿ ಕೂತಿದ್ದರು. ಅತ್ತೆ ಮೊಸರನ್ನದ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, "ಮೇಲಿಂದ ಹಾಕು, ತಾಗೀತು," ಎಂದರು. ನಾನು ಸೌಟನ್ನು ಎತ್ತಿ ಹಿಡಿದೆ. ಗಂಡ ತಲೆಯೆತ್ತಿ ಮೆಲ್ಲಗೆ ನನ್ನನ್ನು ಕರೆದರು. ನಾನು ತಟ್ಟೆಯನ್ನಷ್ಟೇ ನೋಡುತ್ತಾ ಬಡಿಸಿದೆ. ಒಂದು ಅಗುಳೂ ಆಚೆ ಬೀಳಲಿಲ್ಲ.